ಉದಗೀರಿನ ನಲವತ್ಮೂರನೆಯ ಹೆಸರು

ಈ ಸಲದ ಶ್ರಾವಣದಲ್ಲಿ ಸೋಲಾಪುರದಿಂದ ಬಸವಕಲ್ಯಾಣಕ್ಕೆ ಬಸ್ಸಿನಲ್ಲಿ ಹೊರಟಿದ್ದೆ. ಯೆಣೆಗೂರಿನಲ್ಲಿ ಒಬ್ಬ ಮುದುಕ ಹತ್ತಿ ನನ್ನ ಪಕ್ಕದಲ್ಲಿ ಕೂತ. ಹಣೆಯ ತುಂಬ ಅರಿಶಿನದ ಭಂಡಾರ, ಹೆಗಲ ಮೇಲೆ ಕರಿ ಕಂಬಳಿ. ಕಂಬಳಿ ಮಳೆಯಲ್ಲಿ ಪೂರ್ತಿ ನೆನೆದಿತ್ತು. "ಜರಾ ಸರದು ಕೂಡ್ರಿ ಸಾಹೇಬ್ರ, ನಿಮ್ಮ ಅಂಗಿ ಹಸಿ ಆಗ್ತದ" ಎಂದ. ನಾನು ಕಿಟಕಿಯ ಕಡೆ ಸರಿದೆ. ಒದ್ದೆ ಉಣ್ಣೆಯ ಆ ವಾಸನೆ, ಕುರಿಯದೂ ಹೊಗೆಯದೂ ಬೆರೆತದ್ದು, ಮೂಗಿಗೆ ಬಡಿದದ್ದೇ ತಡ, ಹದಿಮೂರು ವರ್ಷದ ಹಿಂದಿನ ಮಳೆಗಾಲ ಕಣ್ಣ ಮುಂದೆ ಬಂತು. ಆ ವರ್ಷ ಉಮರ್ಗಾ, ನಿಲಂಗಾ, ಉದಗೀರುಗಳ ನಡುವೆ ನಾನು ಓಡಾಡಿದ ಬಸ್ಸುಗಳೆಲ್ಲ ಇದೇ ವಾಸನೆಯವು.

ಆಗ ನಾನು ಪುಣೆಯ ಒಂದು ಕಂಪನಿಯಲ್ಲಿದ್ದೆ. ನೂರಾರು ಹಳ್ಳಿಗಳಲ್ಲಿ ದವಾಖಾನೆ ನಡೆಸುವ ಒಂದು ಸಂಸ್ಥೆಯ ಮೇನ್‌ಫ್ರೇಮನ್ನು ನೋಡಿಕೊಳ್ಳುವುದು ನಮ್ಮ ಕೆಲಸ. ಮೇನ್‌ಫ್ರೇಮ್ ಎಂದರೆ ತಂಪು ಕೋಣೆಯಲ್ಲಿ ಕಪಾಟಿನಂತೆ ನಿಂತಿರುವ ಹಳೆಯ ಕಾಲದ ದೊಡ್ಡ ಗಣಕ. ಸಂಸ್ಥೆಯ ಎಲ್ಲ ನರ್ಸುಗಳ, ನೌಕರರ ದಾಖಲೆ ಅದರಲ್ಲಿತ್ತು. ಯಾರು ಎಲ್ಲಿದ್ದಾರೆ, ಎಷ್ಟು ವರ್ಷ ಸೇವೆಯಾಗಿದೆ, ಯಾರಿಗೆ ಯಾವ ಊರಿಗೆ ವರ್ಗ, ಎಲ್ಲವನ್ನೂ ಅದೇ ಹೇಳಬೇಕು. ಜಿಲ್ಲೆ ಬದಲಿಸುವ ವರ್ಗ ವರ್ಷಕ್ಕೆ ಒಂದೇ ಸಲ. ತಾಲೂಕು ಕಚೇರಿಗಳಲ್ಲಿ ಆ ಯಂತ್ರಕ್ಕೆ ಜೋಡಿಸಿದ ಪರದೆಗಳಿದ್ದವು. ಅರ್ಜಿದಾರರು ಅಲ್ಲಿಗೆ ಬಂದು ಗುಮಾಸ್ತನ ಮುಂದೆ ಕೂತು ಅರ್ಜಿ ತುಂಬಬೇಕು.

ಆ ವರ್ಷ ಅರ್ಜಿ ಶುರುವಾಗುವ ಮುಂಚಿನ ಶುಕ್ರವಾರ ನಾವು ಹೊಸ ಪ್ರೋಗ್ರಾಮು ಹಾಕಿದೆವು. ಸೇವಾವಧಿ ಲೆಕ್ಕ ಹಾಕುವ ಭಾಗ ನಾನು ಬರೆದದ್ದು. ಅದನ್ನು ಪರೀಕ್ಷಿಸಿದವನೂ ನಾನೇ. ಮುಖ್ಯಸ್ಥರಾದ ಕುಲಕರ್ಣಿಯವರು ಮೊದಲೇ ಕೇಳಿದ್ದರು, "ಹೆರಿಗೆ ರಜೆ, ಸಂಬಳವಿಲ್ಲದ ರಜೆ ಇರುವ ದಾಖಲೆಗಳನ್ನೂ ಹಾಕಿ ನೋಡಿದ್ಯಾ?" ಎಂದು. ನೋಡಿದ್ದೇನೆ ಎಂದಿದ್ದೆ. ನೋಡಿರಲಿಲ್ಲ. ಗುರುವಾರದ ಹೊತ್ತಿಗೆ ಎಲ್ಲ ಕಡೆಯಿಂದ ದೂರು ಬಂದವು. ಹೆರಿಗೆ ರಜೆಗೆ ಹೋದ ನರ್ಸುಗಳ ಸೇವೆಯೆಲ್ಲ ರಜೆ ಮುಗಿದ ದಿನದಿಂದ ಎಣಿಕೆಯಾಗುತ್ತಿತ್ತು. ಇಪ್ಪತ್ತು ವರ್ಷ ದುಡಿದವರು ಪರದೆಯ ಮೇಲೆ ನಾಲ್ಕು ವರ್ಷದವರಾಗಿದ್ದರು.

ಒಂದೇ ದಾರಿ ಉಳಿದಿತ್ತು: ರೋಲ್‌ಬ್ಯಾಕ್. ಹೊಸ ಪ್ರೋಗ್ರಾಮು ತೆಗೆದು, ಶುಕ್ರವಾರ ಟೇಪಿನಲ್ಲಿ ತೆಗೆದಿಟ್ಟ ಹಳೆಯ ದಾಖಲೆಗಳನ್ನು ತಂದು ಹಾಕಿ, ಯಂತ್ರವನ್ನು ಆ ದಿನಕ್ಕೇ ಹಿಂದಕ್ಕೆ ಒಯ್ಯುವುದು. ತಪ್ಪೆಲ್ಲ ಹೋಗುತ್ತದೆ. ಜೊತೆಗೆ ಆ ನಾಲ್ಕು ದಿನ ಜನ ಸರಿಯಾಗಿ ತುಂಬಿದ್ದೂ ಹೋಗುತ್ತದೆ. ಯಾರು ಯಾವಾಗ ಅರ್ಜಿ ತುಂಬಿದರು ಎಂಬ ಹೆಸರಿನ ಯಾದಿಯನ್ನಷ್ಟೇ ಕಾಗದಕ್ಕೆ ಇಳಿಸಿಕೊಂಡೆವು. ಅರ್ಜಿಗಳನ್ನು ತಾಲೂಕು ಕಚೇರಿಯಲ್ಲಿ ಅರ್ಜಿದಾರರು ಕೊಟ್ಟಿದ್ದ ಕಾಗದ ನೋಡಿ ಮತ್ತೆ ತುಂಬಬೇಕಿತ್ತು. ಕುಲಕರ್ಣಿಯವರು ನನ್ನನ್ನು ಬಯ್ಯಲಿಲ್ಲ. "ನಿನಗೆ ಆ ಕಡೆಯ ಕನ್ನಡ, ಮರಾಠಿ ಎರಡೂ ಬರುತ್ತೆ. ಉಮರ್ಗಾ, ನಿಲಂಗಾ, ಉದಗೀರು ಮೂರೂ ನಿನ್ನವು. ಮುಂದಿನ ವಾರದ ಶನಿವಾರ ಸಂಜೆ ಐದಕ್ಕೆ ಬಾಗಿಲು ಮುಚ್ಚುತ್ತೆ" ಎಂದು ಯಾದಿ ಕೈಗಿತ್ತರು. ಬೈದಿದ್ದರೆ ಹಗುರಾಗುತ್ತಿತ್ತು.

ಉಮರ್ಗಾದಲ್ಲಿ ಎರಡು ದಿನ, ನಿಲಂಗಾದಲ್ಲಿ ಮೂರು ದಿನ ಆದವು. ಮಳೆ ಹಿಡಿದದ್ದು ಬಿಟ್ಟಿರಲಿಲ್ಲ. ಎರಡೂ ಬದಿಗೆ ಹೆಸರುಕಾಳು, ಉದ್ದಿನ ಹೊಲಗಳು ನೀರು ಕುಡಿದು ಕಪ್ಪಗೆ ಮಿಂಚುತ್ತಿದ್ದವು. ಬಸ್ಸಿನಿಂದ ಇಳಿದು ಹತ್ತು ಹೆಜ್ಜೆ ನಡೆದರೆ ಚಪ್ಪಲಿಗೆ ಎರಡು ಸೇರು ಎರೆಮಣ್ಣು. ಲೈನು ಹೋದರೆ ಪರದೆ ಆರುತ್ತಿತ್ತು. ಮತ್ತೆ ಬರುವವರೆಗೆ ನಾನು ಗುಮಾಸ್ತರ ಜೊತೆ ಚುರುಮುರಿ ತಿನ್ನುತ್ತ ಕೂರುತ್ತಿದ್ದೆ. ಎಲ್ಲರೂ ನನ್ನನ್ನು ಕೆಟ್ಟ ಯಂತ್ರವನ್ನು ಸುಧಾರಿಸಲು ಬಂದ ಪುಣ್ಯಾತ್ಮನಂತೆ ಕಂಡರು. "ಇಷ್ಟ ಮಳ್ಯಾಗ ನಮ್ಮ ಸಲುವಾಗಿ ಬಂದೀರಿ" ಎಂದು ನಿಲಂಗಾದ ನರ್ಸೊಬ್ಬರು ಶೇಂಗಾ ಹೋಳಿಗೆ ಕಟ್ಟಿ ಕೊಟ್ಟರು. ಯಂತ್ರವನ್ನು ಕೆಡಿಸಿದವನೂ ನಾನೇ ಎಂದು ಹೇಳಲು ಬಾಯಿ ಬರಲಿಲ್ಲ. ಹೋಳಿಗೆ ತಿಂದೆ.

ಉದಗೀರಿಗೆ ಗುರುವಾರ ಮುಟ್ಟಿದೆ. ಅಲ್ಲಿಯ ಗುಮಾಸ್ತರು ಖಾದರಸಾಬರು. ಆ ತಿಂಗಳ ಕೊನೆಗೆ ನಿವೃತ್ತಿಯಾಗುವವರು, ದಪ್ಪ ಕನ್ನಡಕ, ಪ್ರತಿ ಕಾಗದವನ್ನೂ ಮೂಗಿನ ಹತ್ತಿರ ತಂದು ಓದುವವರು. ಯಾದಿಯಲ್ಲಿ ನಲವತ್ಮೂರು ಹೆಸರು. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ನಲವತ್ತೆರಡು ತುಂಬಿದೆವು. ಕೊನೆಯದು ಮಹಾನಂದಾ, ಸಿಸ್ಟರ್. ಉದಗೀರಿನ ಆಚೆಯ ಒಂದು ಹಳ್ಳಿಯ ದವಾಖಾನೆ. ಆಕೆಯ ಕಾಗದ ಫೈಲಿನಲ್ಲಿರಲಿಲ್ಲ.

"ಹೋದ ವಾರ ಸೋಮವಾರ ಬಂದು ಇಲ್ಲೇ ಕುಂತು ತುಂಬ್ಯಾಳ್ರಿ" ಎಂದರು ಖಾದರಸಾಬರು. "ಆಕಿ ಗಂಡನ ಅವ್ವಗ ಲಕ್ವಾ ಹೊಡದು ಒಂದು ಬದಿ ಬಿದ್ದದ. ಅದರ ಡಾಕ್ಟರ್ ಸರ್ಟಿಫಿಕೇಟ್ ಜೋಡಸ್ಬೇಕಂತ ಕಾಗದ ವಾಪಸ್ ಒಯ್ದಾಳ. ಆಕಿ ಊರಿನ ಹಳ್ಳ ತುಂಬ್ಯಾದ, ಫೋನ್ ಹತ್ತವಲ್ದು. ನಾಳಿ ನೀರು ಇಳೀತಂದ್ರ ಬಂದೇ ಬರ್ತಾಳ. ಸಂಜೀತನಕ ಟೈಮ್ ಅದಲ್ಲ?"

ಇತ್ತು. ಆದರೆ ಆ ಶನಿವಾರ ಬಸವಕಲ್ಯಾಣದಲ್ಲಿ ನನ್ನ ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಹುಟ್ಟಿದಾಗಿನಿಂದ ಮಗುವನ್ನು ಒಂದೇ ಸಲ ನೋಡಿದ್ದೆ. ಶುಕ್ರವಾರ ಸಂಜೆ ಐದರ ಬಸ್ಸು ತಪ್ಪಿದರೆ ಮುಟ್ಟುವುದು ಆಗದ ಮಾತು. ಉದಗೀರಿನಲ್ಲಿ ಮರುತುಂಬುವ ಕೆಲಸ ನನ್ನ ಗುಪ್ತಸಂಖ್ಯೆಯಿಂದಷ್ಟೇ ನಡೆಯುತ್ತಿತ್ತು. ನಾನು ಹೊರಡುವುದಾದರೆ 'ಉದಗೀರು ಪೂರ್ಣ' ಎಂದು ದೃಢೀಕರಿಸಿ ಮುಚ್ಚಬೇಕು.

"ಆಕಿದು ನಾ ಪುಣೇದಾಗ ಹೇಳಿ ಹಾಕಸ್ತೀನ್ರಿ ಚಾಚಾ" ಎಂದೆ. "ಯಾದ್ಯಾಗ ಆಕಿ ಹೆಸರು, ಹೊತ್ತು ಎಲ್ಲಾ ಅದ, ಅಷ್ಟು ಸಾಕು. ಕಾಗದ ತಂದ್ರ ಫೈಲಿನಾಗ ಇಡ್ರಿ."

"ಪಕ್ಕಾ?"

"ಪಕ್ಕಾ."

ಖಾದರಸಾಬರು ಕನ್ನಡಕ ತೆಗೆದು ಒರೆಸಿಕೊಂಡು, "ಹೋಗ್ರಿ ಮತ್ತ, ಕೂಸಿನ ಕಾರ್ಯ ತಪ್ಪಸಬ್ಯಾಡ್ರಿ" ಎಂದರು. ನಾನು ಕೀಲಿ ಒತ್ತಿದೆ. ನಲವತ್ಮೂರಕ್ಕೆ ನಲವತ್ಮೂರು, ಪೂರ್ಣ.

ಹೇಳಿಸಬೇಕೆಂದೇ ಇದ್ದೆ. ಇದನ್ನು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಶನಿವಾರ ಬೆಳಿಗ್ಗೆ ಫೋನು ಕೈಯಲ್ಲಿ ಹಿಡಿದಿದ್ದೆ ಕೂಡ. ಅಷ್ಟರಲ್ಲಿ ಅತ್ತೆಯವರು ಬಾಳೆಹಣ್ಣು ತರಲು ಕಳಿಸಿದರು, ಸೋದರಮಾವ ಬಂದರು, ಹೆಂಗಸರು ಜೋಗುಳ ಶುರುಮಾಡಿದರು. ಮಗಳ ಕಿವಿಯಲ್ಲಿ ಹೆಸರು ಹೇಳುವಾಗ ನನ್ನ ಕಣ್ಣು ತುಂಬಿದ್ದವು. ಮಹಾನಂದಾ ಎಂಬ ಹೆಸರು ನೆನಪಾದದ್ದು ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ. ಬಾಗಿಲು ಮುಚ್ಚಿ ಒಂದು ದಿನವಾಗಿತ್ತು.

ಸೋಮವಾರ ಪುಣೆಗೆ ಹೋದಾಗ ಹೇಳಿಬಿಡೋಣವೆಂದೇ ಕುಲಕರ್ಣಿಯವರ ಕೋಣೆಗೆ ಹೋದೆ. ಅವರು ಎದ್ದು ನಿಂತು ಕೈ ಕುಲುಕಿದರು. ಮೂರೂ ತಾಲೂಕು ಒಂದು ದಿನ ಮುಂಚೆಯೇ ಮುಗಿಸಿದವನು ನಾನೊಬ್ಬನೇ ಎಂದು ಮೇಲಿನವರಿಗೆ ಬರೆದಿದ್ದರು. ಅವರ ಕೈಯಲ್ಲಿ ನನ್ನ ಕೈ ಇದ್ದಾಗಲೇ, ಒಬ್ಬರ ಅರ್ಜಿ, ಹಾಕಿದ್ದರೂ ಆಕೆ ಕೇಳಿದ ಊರು ಸಿಗುತ್ತಿತ್ತೋ ಇಲ್ಲವೋ, ಎಂದು ಮನಸ್ಸು ಒಳಗೇ ಲೆಕ್ಕ ಹಾಕಿತು. ಬಾಯಿ ತೆರೆಯದೆ ಹೊರಗೆ ಬಂದೆ.

ಒಂದು ತಿಂಗಳಿಗೆ ವರ್ಗದ ಪಟ್ಟಿ ಬಂತು. ತಕರಾರುಗಳ ವಿಚಾರಣೆ ಮೂರೂ ತಾಲೂಕಿನವರಿಗೆ ಸೇರಿ ಉಮರ್ಗಾದಲ್ಲಿ. ದಾಖಲೆ ತೆಗೆದು ತೋರಿಸಲು ನನ್ನನ್ನೇ ಕಳಿಸಿದರು. ಒಂದು ಉದ್ದನೆಯ ಕೋಣೆ, ಮೇಜಿನ ಈಚೆ ಸಂಸ್ಥೆಯ ಅಧಿಕಾರಿ, ಪಕ್ಕದಲ್ಲಿ ಪರದೆಯ ಮುಂದೆ ನಾನು. ಮಧ್ಯಾಹ್ನದ ನಂತರ ಒಬ್ಬ ಹೆಂಗಸು ಬಂದು ನಿಂತರು. ನಲವತ್ತರ ಆಸುಪಾಸು, ಸೀರೆಯ ಅಂಚಿಗೆ ಕೆಸರು, ಕೈಯಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಕಾಗದಗಳು. ಹಿಂದೆ ಗಂಡ, ಬಿಳಿ ಟೋಪಿ, ಕೊರಳಲ್ಲಿ ಲಿಂಗದ ಕರಡಿಗೆ. ತುರೋರಿಯ ಒಕ್ಕಲಿನ ಮನೆಯವರು. ಹೆಸರು ಹೇಳುವ ಮೊದಲೇ ನನಗೆ ಗೊತ್ತಾಯಿತು.

"ನಂದು ಯಾದ್ಯಾಗ ಹೆಸರಽ ಇಲ್ರಿ" ಎಂದರು. "ಸಿಗಲಿಲ್ಲಂದ್ರ ಬ್ಯಾರೆ ಮಾತು. ಅರ್ಜಿನೇ ಹಾಕಿಲ್ಲ ಅಂತ ಬಂದದ. ನಾ ಹಾಕೀನ್ರಿ. ಸೋಮವಾರ, ಖಾದರಸಾಬರ ಮುಂದ ಕುಂತು ಹಾಕೀನಿ. ಮತ್ತ ಆ ಶನಿವಾರ ಹಳ್ಳ ದಾಟಿ ಬಂದು ಕಾಗದ ಕೊಟ್ಟೀನಿ. 'ಎಲ್ಲಾ ಸೇರ್ಯಾದ, ಫಿಕರ್ ಮಾಡಬ್ಯಾಡ' ಅಂದ್ರು ಅವರು."

ಶನಿವಾರ ಬೆಳಿಗ್ಗೆ ಹಳ್ಳ ಇಳಿದಿತ್ತು. ಆಕೆ ಬಂದಿದ್ದರು. ನಾನು ಇದ್ದಿದ್ದರೆ ಐದು ನಿಮಿಷದ ಕೆಲಸ.

ಖಾದರಸಾಬರು ನಿವೃತ್ತರಾಗಿ ಮಗಳ ಊರಿಗೆ ಹೋಗಿಬಿಟ್ಟಿದ್ದರು. ಅಧಿಕಾರಿ ಪಕ್ಕಕ್ಕೆ ಬಾಗಿ, "ಆ ಮುದುಕನಿಗೆ ಕಣ್ಣೇ ಕಾಣ್ತಿರಲಿಲ್ಲವಂತೆ" ಎಂದು ಮರಾಠಿಯಲ್ಲಿ ಹೇಳಿ, ನನ್ನ ಕಡೆ ನೋಡಿದರು. "ಫೈಲಿನಲ್ಲಿ ಕಾಗದ ಯಾವಾಗ ಬೇಕಾದರೂ ಸೇರಬಹುದು. ಯಂತ್ರ ಏನು ಹೇಳುತ್ತೆ?"

ನಾನು ಆಕೆಯ ನಂಬರು ಒತ್ತಿದೆ. ಪರದೆ ಖಾಲಿ. ಹೆಸರಿನ ಆ ಹಳೆಯ ಯಾದಿ, ಸೋಮವಾರ, ಹನ್ನೊಂದೂ ಇಪ್ಪತ್ತು ಎಂದು ಆಕೆಯ ಹೆಸರಿನ ಮುಂದೆ ಅಚ್ಚಾಗಿದ್ದ ಹಾಳೆ, ನನ್ನ ಕಾಲ ಬಳಿಯ ಚೀಲದಲ್ಲಿತ್ತು. ಮೊಣಕಾಲಿಗೆ ತಾಗುತ್ತಿತ್ತು.

"ದಾಖಲೆದಾಗ ಇಲ್ರಿ" ಎಂದೆ.

ಗಂಡ ಮುಂದೆ ಬಂದರು. ನನ್ನನ್ನು ನೋಡಲಿಲ್ಲ, ಹೆಂಡತಿಯನ್ನು ನೋಡಿದರು. "ಖರೇ ಹಾಕಿದ್ದೇನ?"

"ಹಾಕಿದ್ದೆ ಅಂತೀನಲ್ಲ." ಆಕೆಯ ದನಿ ಸ್ವಲ್ಪ ತಗ್ಗಿತು. "ಎಲ್ಲಾ ತುಂಬೀನಿ. ತುರೋರಿ, ಉಮರ್ಗಾ, ಎರಡೂ ಬರದೀನಿ. ಕಡೀಗಿ ಒಂದು ಬಟನ್ ಇತ್ತು... ಅದೂ ಒತ್ತೀನಿ. ಒತ್ತಿದ್ದೆ ಅನಸ್ತದ."

ಅನಸ್ತದ ಎಂಬ ಆ ಒಂದು ಮಾತು. ನಾನು ಅದನ್ನು ಹಿಡಿದುಕೊಂಡೆ.

"ಆ ಕಡೀ ಬಟನ್ ಒತ್ತಲಿಲ್ಲಂದ್ರ ಅರ್ಜಿ ಸೇರಂಗಿಲ್ರಿ ಸಿಸ್ಟರ್" ಎಂದೆ. "ಭಾಳ ಮಂದಿಗಿ ಹಿಂಗ ಆಗ್ಯದ."

ಯಾರಿಗೂ ಹಾಗೆ ಆಗಿರಲಿಲ್ಲ.

ಆಕೆ ತಮ್ಮ ಬಲಗೈಯ ಬೆರಳು ನೋಡಿಕೊಂಡರು. ಎಷ್ಟೋ ಹೊತ್ತು ನೋಡಿಕೊಂಡರು ಎಂದು ನನಗೆ ನೆನಪು, ಕ್ಷಣವೇ ಇದ್ದೀತು. ಆಮೇಲೆ ಮೆಲ್ಲಗೆ, "ಹಾಂಗಾರ ನಾನೇ ಮರ್ತಿರಬೇಕು ಬಿಡ್ರಿ" ಎಂದು ಕಾಗದಗಳನ್ನು ಮತ್ತೆ ಪ್ಲಾಸ್ಟಿಕ್‌ನಲ್ಲಿ ಸುತ್ತಿದರು. ಗಂಡ ಆಗಲೇ ಬಾಗಿಲ ಹೊರಗಿದ್ದರು. ಆಕೆ ಅವರ ಹಿಂದೆ ಓಡುನಡಿಗೆಯಲ್ಲಿ ಹೋದರು.

ಅವತ್ತು ಸಂಜೆ ಪುಣೆಯ ಬಸ್ಸು ಹತ್ತುವ ಮುಂಚೆ, ಉಮರ್ಗಾ ಬಸ್‌ಸ್ಟ್ಯಾಂಡಿನ ಹಿಂದೆ ನಿಂತು ಆ ಹಾಳೆಯನ್ನು ಹರಿದೆ. ಸಣ್ಣ ಸಣ್ಣ ಚೂರು ಮಾಡಿ ಮೋರಿಯ ನೀರಿಗೆ ಹಾಕಿದೆ. ಮರುವರ್ಷ ನನಗೆ ಬಡ್ತಿ ಸಿಕ್ಕಿತು. ಆ ಮೇಲೆ ರೋಲ್‌ಬ್ಯಾಕ್ ಎಂದಾಗಲೆಲ್ಲ ಕಂಪನಿಯಲ್ಲಿ ನನ್ನನ್ನೇ ಕರೆಯುತ್ತಿದ್ದರು. ಎಷ್ಟು ಜಾಗರೂಕ ಮನುಷ್ಯ ಎಂದು ಹೊಸಬರಿಗೆ ನನ್ನನ್ನು ತೋರಿಸುತ್ತಿದ್ದರು. ಹೌದು, ಆಮೇಲೆ ನಾನು ಒಂದು ಹೆಸರನ್ನೂ ಬಿಡಲಿಲ್ಲ. ಅದರಿಂದ ಆಕೆಗೇನು?

ಕಂಬಳಿಯ ಮುದುಕ ಉಮರ್ಗಾದಲ್ಲಿ ಇಳಿದ. ಬಸ್ಸು ಮುಂದೆ ಹೊರಟು ತುರೋರಿಯಲ್ಲಿ ನಿಂತಾಗ ನಾನು ಯೋಚನೆ ಮಾಡಲಿಲ್ಲ, ಚೀಲ ಎತ್ತಿಕೊಂಡು ಇಳಿದುಬಿಟ್ಟೆ. ಈ ರಸ್ತೆಯಲ್ಲಿ ಹದಿಮೂರು ವರ್ಷದಲ್ಲಿ ಅದೆಷ್ಟು ಸಲ ಹೋಗಿ ಬಂದೆನೋ. ತುರೋರಿ ಬಂದಾಗ ಪ್ರತಿ ಸಲವೂ ಇನ್ನೊಂದು ಬದಿಯ ಕಿಟಕಿ ನೋಡುತ್ತಿದ್ದೆ. ಹೆದ್ದಾರಿಯ ಪಕ್ಕದ ಟೈರ್ ಅಂಗಡಿಯಲ್ಲಿ ಕೇಳಿದೆ. "ಸಿಸ್ಟರ್ ಮನೀನ? ಸೀದಾ ಹೋಗ್ರಿ, ನೀರಿನ ಟಾಕಿ ಬಾಜೂಕ" ಎಂದರು.

ಅವರೇ ಬಾಗಿಲಿಗೆ ಬಂದರು. ಕೂದಲು ಬೆಳ್ಳಗಾಗಿತ್ತು. ನನ್ನ ಗುರುತು ಸಿಗಲಿಲ್ಲ. ಅಂಗಳದಲ್ಲೇ ನಿಂತು ಹೇಳಿದೆ, ಎಲ್ಲವನ್ನೂ, ಕೂಸಿನ ಕಾರ್ಯದಿಂದ ಮೋರಿಯವರೆಗೆ. ಆಕೆ ಕಂಬಕ್ಕೆ ಕೈ ಕೊಟ್ಟು ಕೇಳಿದರು. ಅಳುತ್ತಾರೆ, ಇಲ್ಲವೆ ಬಯ್ಯುತ್ತಾರೆ ಎಂದುಕೊಂಡಿದ್ದೆ.

"ನನಗ ಹೇಳಿದ್ರ ಏನಾಯ್ತ್ರಿ?" ಎಂದರು. "ಒಳಗ ಬರ್ರಿ. ಅವರ ಮುಂದ ಹೇಳ್ರಿ."

ಪಡಸಾಲೆಯಲ್ಲಿ ಅವರ ಗಂಡ ಶಿವರಾಜರು ತೊಗರಿ ಕಾಳು ಆರಿಸುತ್ತ ಕೂತಿದ್ದರು. ಮತ್ತೆ ಮೊದಲಿನಿಂದ ಹೇಳಿದೆ. ಎರಡನೆಯ ಸಲ ಹೇಳುವುದು ಇನ್ನೂ ಕಷ್ಟವಾಯಿತು. ನಾನು ಮುಗಿಸಿದ ಮೇಲೂ ಅವರ ಬೆರಳು ಮೊರದ ಕಾಳಿನಲ್ಲಿ ಆಡುತ್ತಲೇ ಇದ್ದವು.

"ಏನರೆ ಕಾಗದ ಅದ ಏನ್ರಿ ಇದಕ್ಕ?"

"ಇಲ್ರಿ. ಹರದು ಹಾಕೀನಿ."

"ಹಾಂಗಾರ ನಿಮ್ಮ ಮಾತೊಂದಽ." ಆಮೇಲೆ ನನಗಲ್ಲ, ನೆಲಕ್ಕೆ ಹೇಳಿದಂತೆ ಹೇಳತೊಡಗಿದರು. "ಅವ್ವ ಹಾಸಿಗಿ ಹಿಡದಿದ್ದಳ್ರಿ. ಎತ್ತೂದು, ತೊಳಿಯೂದು ನಾನೇ. ಈಕಿ ಅಲ್ಲಿ. ಅರ್ಜಿ ಹಾಕಿಲ್ಲ ಅಂತ ಗೊತ್ತಾದ ದಿನ ಅವ್ವ ಅಂದಳು, 'ಊರ ಮಂದೀದೆಲ್ಲಾ ಬಾಣಂತನಾ ಮಾಡ್ತಾಳ, ಮನ್ಯಾಗಿನ ಮುದುಕಿ ಹೇಸಿಕಿ ಆಗ್ಯಾಳ, ಅದಕ್ಕಽ ಹಾಕಿಲ್ಲ' ಅಂತ. ಈಕಿ ಐತವಾರಕ್ಕೊಮ್ಮೆ ಬಂದು ಗಂಜಿ ಕುಡಸ್ಲಾಕ ಹೋದ್ರ ಬಾಯಿ ಮುಚ್ಚಿಕೋತಿದ್ದಳು. ಚಳಿಗಾಲದಾಗ ಹೋದಳು. ಈಕಿ ಕೈಲೆ ಒಂದು ಗುಟುಕು ನೀರು ಸುದ್ದಾ ಕುಡೀಲಿಲ್ಲ."

"ಇರ್ಲಿ ಬಿಡ್ರಿ" ಎಂದರು ಮಹಾನಂದಾ.

"ಏನ್ ಇರ್ಲಿ?" ಅವರು ಮೊದಲ ಸಲ ತಲೆ ಎತ್ತಿ ಹೆಂಡತಿಯನ್ನು ನೋಡಿದರು. "ನಾ ಒಂದ್ ಸಲನೂ ಅವ್ವಗ ಹಂಗನಬ್ಯಾಡ ಅನಲಿಲ್ಲ."

"ನೀವೂ ಅದನ್ನೇ ನಂಬಿದ್ರಿ."

ಶಿವರಾಜರು ಮೊರವನ್ನು ಪಕ್ಕಕ್ಕಿಟ್ಟು ಎದ್ದು ಹಿತ್ತಲ ಕಡೆ ಹೋದರು. ನಾನು ಕೂತಲ್ಲೇ ಕೂತಿದ್ದೆ. ಕ್ಷಮೆ ಕೇಳಬೇಕೆಂದು ಬಂದವನು. ಆ ಶಬ್ದವನ್ನು ಆ ಮನೆಯಲ್ಲಿ ಬಾಯಿಂದ ಹೊರಡಿಸಲು ನಾಚಿಕೆಯಾಯಿತು.

"ಹೊರಡ್ರಿ ಇನ್ನ" ಎಂದರು ಆಕೆ. "ಹೊತ್ತು ಮುಣಗೂದ್ರಾಗ ಒಂದು ಬಸ್ ಅದ."

ಗೇಟಿನವರೆಗೆ ಬಂದರು. ಮಳೆ ಹನಿಯುತ್ತಿತ್ತು. ನಾನು ರಸ್ತೆಗೆ ಇಳಿದ ಮೇಲೆ ಹಿಂದಿನಿಂದ ಹೇಳಿದರು, "ಈ ಊರಿಗಿ ಬದ್ಲಿ ಎರಡು ವರ್ಷಕ್ಕ ಆತ್ರಿ. ಅದರ ಮಾತಲ್ಲ. ಅವತ್ತಿನಿಂದ ನಂದು ನನಗಽ ಭರೋಸಾ ಹೋಯ್ತು. ಕೂಸಿಗಿ ಸೂಜಿ ಕೊಟ್ಟು ಬಂದಿರ್ತೀನಿ, ಅರ್ಧ ದಾರಿಗಿ ಬಂದು ಮತ್ತ ಹೋಗಿ ಕೇಳ್ತೀನಿ, ನಾ ಕೊಟ್ಟೀನಿಲ್ಲೋ ಅಂತ. ಕೊಟ್ಟೀರಲ್ರಿ ಸಿಸ್ಟರ್ ಅಂತ ಮಂದಿ ನಗ್ತಾರ. ಖರೇನೇ ಕೊಟ್ಟಿರ್ತೀನಿ. ಆದ್ರೂ ಕೇಳ್ತೀನಿ."

ನಾನು ತಿರುಗಿ ನಿಂತೆ.

"ಅವತ್ತು ನಾ ಒತ್ತಿದ್ದೆ ಹಾಂಗಾರ?" ಎಂದರು.

"ಒತ್ತಿದ್ರಿ."

ತಲೆಯಾಡಿಸಿ ಒಳಗೆ ಹೋದರು. ಗೇಟಿನ ಚಿಲಕ ಹಾಕಿದ ಸಪ್ಪಳ ಕೇಳಿಸಿತು. ನಾನು ಹೆದ್ದಾರಿಯ ಕಡೆ ಹತ್ತು ಹೆಜ್ಜೆ ಹೋಗಿರಬಹುದು, ಹಿಂದಿನಿಂದ ಮತ್ತೆ ಚಪ್ಪಲಿಯ ಸದ್ದು ಬಂತು. ಆಕೆ ಗೇಟಿನ ಹತ್ತಿರ ವಾಪಸು ಬಂದು, ಚಿಲಕ ತೆಗೆದು, ಇನ್ನೊಮ್ಮೆ ಹಾಕಿ, ಕೈಯಿಂದ ಅಲುಗಾಡಿಸಿ ನೋಡುತ್ತಿದ್ದರು.